ಛಾವಣಿ ಒಣಗುವವರೆಗೆ

ಈಗ ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮೇಲೆ. ಚಪ್ಪಲಿ ಬಿಟ್ಟು, ಕುಶಲ ಕೇಳಿ, ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಕಣ್ಣು ತಾನಾಗಿಯೇ ಛಾವಣಿಗೆ ಹೋಗಿರುತ್ತದೆ. ಮೂಲೆಯಲ್ಲಿ ಹಳದಿ ಕಲೆ ಇದೆಯೇ, ಬಣ್ಣ ಉಬ್ಬಿದೆಯೇ, ಟ್ಯೂಬ್‌ಲೈಟಿನ ಸುತ್ತ ಕಪ್ಪಗೆ ಚುಕ್ಕಿ ಬಿದ್ದಿದೆಯೇ ಎಂದು. ಮೊನ್ನೆ ಸಹಕಾರನಗರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದಾಗ ಮನೆಯೊಡತಿ ನಾನು ನೋಡುತ್ತಿದ್ದುದನ್ನು ಗಮನಿಸಿ, ಫಾಲ್ಸ್ ಸೀಲಿಂಗ್ ಚೆನ್ನಾಗಿ ಬಂದಿದೆಯಲ್ಲವೇ ಎಂದು ಕೇಳಿದರು. ತುಂಬಾ ಚೆನ್ನಾಗಿದೆ ಎಂದೆ. ಅದರ ಮೇಲೆ ಏನಿದೆ ಎಂದು ಕೇಳಲಿಲ್ಲ. ಹಬ್ಬದ ಮನೆಯಲ್ಲಿ ಹಾಗೆಲ್ಲ ಕೇಳಬಾರದು.

ನನಗಾಗಿದ್ದು ಅಪರೂಪದ ಕಾಯಿಲೆಯೇನಲ್ಲ. ಗರ್ಭಕೋಶದಲ್ಲಿ ಗಡ್ಡೆ. ನಮ್ಮ ಅಮೃತಹಳ್ಳಿಯ ಒಂದೊಂದು ಬೀದಿಯಲ್ಲೂ ಇಬ್ಬರು ಮೂವರು ಅದನ್ನು ತೆಗೆಸಿಕೊಂಡವರು ಸಿಗುತ್ತಾರೆ. ಆದರೂ ಬರೆಯಬೇಕು ಅನ್ನಿಸಿದ್ದು, ಗಡ್ಡೆಗಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ನಾನು ಮಲಗಿದ್ದ ಕಟ್ಟಡ ಎಂಬ ಕಾರಣಕ್ಕೆ. ಇವತ್ತೂ ಯಾವುದೋ ವಾರ್ಡಿನಲ್ಲಿ ಯಾರೋ ಹೆಂಗಸು ಅಂಗಾತ ಮಲಗಿ ಮೇಲಿನ ಒದ್ದೆ ಕಲೆಯನ್ನು ನೋಡುತ್ತಿರುತ್ತಾಳೆ. ಅವಳಿಗಾಗಿ ಬರೆಯುತ್ತಿದ್ದೇನೆ.

ಕಾನ್ವೆಂಟಿನಲ್ಲಿ ಮುಟ್ಟನ್ನು ನಾವು 'ಚಮ್ಸ್' ಎನ್ನುತ್ತಿದ್ದೆವು, ಅದೂ ಪಿಸುಮಾತಿನಲ್ಲಿ. ಜೋರಾಗಿ ಹೇಳಬಾರದ್ದು ಎಂದು ಅಲ್ಲಿ ಕಲಿತ ಪಾಠ ಮದುವೆಯಾಗಿ ಮಗಳು ಕಾಲೇಜಿಗೆ ಬಂದರೂ ಬಿಡಲಿಲ್ಲ. ರಕ್ತಸ್ರಾವ ತಿಂಗಳಿಗೆ ಹದಿನೈದು ದಿನವಾದಾಗಲೂ ಯಾರಿಗೂ ಹೇಳಲಿಲ್ಲ. ಕಡುಬಣ್ಣದ ಸೀರೆಗಳನ್ನೇ ಉಡತೊಡಗಿದೆ. ಮದುವೆ ಮನೆಗಳಲ್ಲಿ ಎಲ್ಲರೂ ಎದ್ದು ಹೋಗುವವರೆಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕೊನೆಗೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಸೊಪ್ಪಿನ ಚೀಲ ಹಿಡಿದು ನಿಂತಿದ್ದವಳು ಹಾಗೇ ಕುಸಿದೆ. ಯಾರೋ ನೀರು ಕೊಟ್ಟರು, ಯಾರೋ ಆಟೋ ಹತ್ತಿಸಿದರು. ಮನೆಯಲ್ಲಿ ಅತ್ತೆ ನನ್ನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, "ಒಳ್ಗೆ ರಕ್ತಾನೇ ಇಲ್ವಲ್ಲಮ್ಮೀ, ಸುಣ್ಣ ಒಡ್ದಂಗೈತೆ. ಬಾಯ್ ಬಿಟ್ಟು ಏಳೋಕೆ ಏನಾಗಿತ್ತು ನಿಂಗೆ?" ಎಂದರು.

ನಮ್ಮತ್ತೆಯ ಹೆಸರು ಪಿಳ್ಳಮ್ಮ. ಅಮೃತಹಳ್ಳಿ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಹೊಲವೆಲ್ಲ ಲೇಔಟ್ ಆಗುವುದನ್ನು ಕಣ್ಣಾರೆ ನೋಡಿದವರು. ಅವರ ಗಂಟಲು ದೊಡ್ಡದು. ಮದುವೆಯಾದ ಹೊಸದರಲ್ಲಿ ಅವರು ಬೀದಿಯ ಈ ತುದಿಯಿಂದ ಆ ತುದಿಗೆ ಮಾತಾಡಿದರೆ ನಾನು ನಾಚಿಕೆಯಿಂದ ಒಳಗೆ ಹೋಗಿಬಿಡುತ್ತಿದ್ದೆ.

ಸ್ಕ್ಯಾನ್ ಆಯಿತು. ಗಡ್ಡೆ ದೊಡ್ಡದಾಗಿದೆ, ಗರ್ಭಕೋಶವನ್ನೇ ತೆಗೆಯಬೇಕು, ಅದಕ್ಕೂ ಮೊದಲು ರಕ್ತ ಕೊಡಿಸಬೇಕು ಎಂದರು. ಯಶವಂತಪುರದಲ್ಲಿ ನಮ್ಮನೆಯವರು ಇಷ್ಟು ವರ್ಷ ಕೆಲಸ ಮಾಡಿದ ಕಂಪನಿ ಮುಚ್ಚಿ, ಹೊಸ ಕಡೆ ಸೇರಿ ಸ್ವಲ್ಪ ಕಾಲವಾಗಿತ್ತಷ್ಟೆ. ಇನ್ಶೂರೆನ್ಸ್ ಇನ್ನೂ ಶುರುವಾಗಿರಲಿಲ್ಲ. ಹಾಗಾಗಿ ಸರ್ಕಾರಿ ಆಸ್ಪತ್ರೆ. ನೆಂಟರು ಫೋನ್ ಮಾಡಿ ಯಾವ ಆಸ್ಪತ್ರೆ ಎಂದು ಕೇಳಿದರೆ ನಮ್ಮನೆಯವರು ಹೆಸರು ಹೇಳದೆ, ಒಳ್ಳೆಯ ಡಾಕ್ಟರು ಇರುವುದೇ ಅಲ್ಲಿ ಎನ್ನುತ್ತಿದ್ದರು. ಅದೇನೂ ಸುಳ್ಳಾಗಿರಲಿಲ್ಲ. ಡಾಕ್ಟರ್ ಮೇಡಂ ನನ್ನ ಕೈ ಹಿಡಿದುಕೊಂಡೇ ಎಲ್ಲವನ್ನೂ ವಿವರಿಸಿದರು. ಅವರ ಕೋಟಿನ ಜೇಬಿನ ಹೊಲಿಗೆ ಬಿಚ್ಚಿ ಪೆನ್ನು ಕೆಳಗೆ ಜಾರುತ್ತಿತ್ತು. ಮಾತಿನ ಮಧ್ಯೆ ಅದನ್ನು ಹಿಡಿದು ಹಿಡಿದು ಮೇಲೆ ತಳ್ಳುತ್ತಿದ್ದರು. ಅವರ ಬಗ್ಗೆ ನನಗೆ ಇವತ್ತಿಗೂ ಒಂದು ಕೆಟ್ಟ ಮಾತಿಲ್ಲ.

ಆಸ್ಪತ್ರೆಯ ಮುಂಭಾಗಕ್ಕೆ ಗ್ರಾನೈಟು, ಗಾಜು, ಹೆಸರುಗಳನ್ನು ಕೆತ್ತಿದ ಕಪ್ಪು ಕಲ್ಲು. ಅದನ್ನು ದಾಟಿ ಹಿಂದಕ್ಕೆ ಹೋದರೆ ಹಳೆಯ ಬ್ಲಾಕು. ನಮ್ಮ ವಾರ್ಡು ಅಲ್ಲಿ. ಬೆಳಿಗ್ಗೆ ಎದ್ದರೆ ಹೊದಿಕೆಯ ಮೇಲೆ ಗಾರೆಯ ಪುಡಿ ಇರುತ್ತಿತ್ತು. ನೆಲದ ಮೇಲೆ ಅಲ್ಲಲ್ಲಿ ಬಕೆಟ್ಟುಗಳಿದ್ದವು. ಮಂಚಗಳನ್ನು ಸಾಲಾಗಿ ಹಾಕಿರಲಿಲ್ಲ, ನೀರು ಬೀಳುವ ಜಾಗ ಬಿಟ್ಟು ಓರೆಕೋರೆಯಾಗಿ ಹಾಕಿದ್ದರು. ಲಿಫ್ಟಿನ ಮುಂದೆ ಯಾವ ಕಾಲದಿಂದಲೋ ಒಂದು ಬೆಂಚು ಅಡ್ಡ ಇಟ್ಟಿದ್ದರು, ಅದರ ಮೇಲೆ ಜನ ಊಟ ಮಾಡುತ್ತಿದ್ದರು. ಬಚ್ಚಲುಮನೆಗೆ ಬಾಗಿಲಿತ್ತು, ಚಿಲಕವಿರಲಿಲ್ಲ. ಅದಕ್ಕೆ ಆ ವಾರ್ಡಿನಲ್ಲಿ ಒಂದು ಪದ್ಧತಿ ಬೆಳೆದಿತ್ತು: ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಿಂತು ಬಾಗಿಲು ಹಿಡಿಯುವುದು. ನಡೆಯಲಾಗದವರಿಗೆ ಅವರ ಕಡೆಯವರು ಹಿಡಿಯುತ್ತಿದ್ದರು. ಹೊಸಬರು ಬಂದ ದಿನವೇ ಯಾರಾದರೂ ಬಂದು ಹೇಳಿಕೊಡುತ್ತಿದ್ದರು.

ನನಗೆ ಹೇಳಿಕೊಟ್ಟವಳು ಪಕ್ಕದ ಮಂಚದ ಕಸ್ತೂರಿ. ಬಾಗಲಕೋಟೆ ಕಡೆಯವಳು, ಗಂಡನ ಜೊತೆ ನಾಗಸಂದ್ರದಲ್ಲಿ ಬಾಡಿಗೆಗೆ ಇದ್ದಳು. ಗಾರ್ಮೆಂಟ್ಸಿನಲ್ಲಿ ಹೊಲಿದ ಬಟ್ಟೆಯ ಉಳಿದ ದಾರ ಕತ್ತರಿಸುವ ಕೆಲಸ. ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು. "ಅಕ್ಕಾರ, ನಾಚ್ಕೋಬ್ಯಾಡ್ರಿ. ಇಲ್ಲಿ ಎಲ್ಲಾರೂ ಎಲ್ಲಾರ ಬಾಗಿಲಾ ಹಿಡೀತೇವಿ" ಎಂದು ಮೊದಲ ದಿನ ನನ್ನನ್ನು ಕರೆದುಕೊಂಡು ಹೋದಳು. ಒಳಗೆ ನಾನು ಮುಜುಗರದಿಂದ ನಲ್ಲಿ ಜೋರಾಗಿ ಬಿಟ್ಟರೆ ಹೊರಗಿನಿಂದ, "ನೀರು ಸಣ್ಣಗ ಬಿಡ್ರಿ ಅಕ್ಕಾರ, ಕೆಳಗಿನವರ ತಲಿ ಮ್ಯಾಲ ಬೀಳತೈತಿ" ಎಂದು ನಗುತ್ತಿದ್ದಳು. ಆಗ ಅದು ತಮಾಷೆ ಅಂದುಕೊಂಡಿದ್ದೆ.

ಅವಳಿಗೆ ಅಂಡಾಶಯದಲ್ಲಿ ಗಡ್ಡೆ. ಅದು ಎಂಥದ್ದು ಎಂದು ತೆಗೆದು ನೋಡಿದ ಮೇಲೆಯೇ ಗೊತ್ತಾಗುವುದು, ತಡಮಾಡಬಾರದು ಎಂದು ಡಾಕ್ಟರ್ ಮೇಡಂ ಹೇಳಿದ್ದರು. ಅವಳಿಗೆ ತಡವಾಗಬಾರದು, ನನಗೂ ತಡವಾಗಬಾರದು. ನನಗೆ ಕೊಟ್ಟ ರಕ್ತ ಅತ್ತ ಹರಿದು ಹೋಗುತ್ತಲೇ ಇತ್ತು. ಅದೆಲ್ಲ ಹೋಗುವುದರೊಳಗೆ ಆಪರೇಷನ್ ಆಗಬೇಕಿತ್ತು.

ಹಿಂದಿನ ರಾತ್ರಿ ಏನೂ ತಿನ್ನಬೇಡಿ ಎಂದರು. ಬಳೆ ತೆಗೆದೆ. ಮಾಂಗಲ್ಯ ಬಿಚ್ಚಿ, ಅತ್ತೆ ದಾರಕ್ಕೆ ಕಟ್ಟಿಕೊಟ್ಟ ಅರಿಶಿನದ ಕೊಂಬನ್ನು ಹಾಕಿಕೊಂಡೆ. ಬೆಳಿಗ್ಗೆ ಹಸಿರು ಗೌನ್ ತೊಟ್ಟು ಕುಳಿತೆ. ಮಧ್ಯಾಹ್ನದ ಹೊತ್ತಿಗೆ ನರ್ಸ್ ಬಂದು, ಇವತ್ತಿಲ್ಲ, ಊಟ ಮಾಡಿ ಎಂದರು. ಕೆಲವು ದಿನ ಬಿಟ್ಟು ಮತ್ತೆ ಹಾಗೇ: ಉಪವಾಸ, ಅರಿಶಿನದ ಕೊಂಬು, ಗೌನ್, ಇವತ್ತಿಲ್ಲ. ಮೂರನೆಯ ಸಲ ಅತ್ತೆ ಕೊಂಬು ಬಿಚ್ಚಿ ಮಾಂಗಲ್ಯ ಹಾಕಿ, ಆ ಕೊಂಬನ್ನು ತಮ್ಮ ಎಲೆಅಡಿಕೆ ಚೀಲದಲ್ಲೇ ಇಟ್ಟುಕೊಂಡರು. ಅಷ್ಟು ಹೊತ್ತಿಗೆ ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ಎರಡು ಕಡೆ ನಿಲ್ಲುವಂತಾಗಿದ್ದೆ.

ಕಾರಣವನ್ನು ನರ್ಸೇ ಹೇಳಿದರು. ನಮ್ಮ ವಾರ್ಡಿನ ಆಚೆ ತುದಿಯಲ್ಲಿದ್ದ ಓಟಿಯ, ಅಂದರೆ ಆಪರೇಷನ್ ಕೋಣೆಯ, ಛಾವಣಿಯಿಂದ ನೀರು ಜಿನುಗುತ್ತಿದೆ. ಛಾವಣಿಗೆ ಬೂಷ್ಟು ಬಂದಿದೆ. ಓಟಿ ತೊಳೆದು, ಹೊಗೆ ಹಾಕಿ, ಗೋಡೆಯನ್ನು ಹತ್ತಿಯಿಂದ ಒರೆಸಿ ಪರೀಕ್ಷೆಗೆ ಕಳಿಸುತ್ತಾರೆ. ಪ್ರತಿ ಸಲವೂ ಕ್ರಿಮಿ ಇದೆ ಎಂದೇ ಬರುತ್ತದೆ. ಅಲ್ಲಿ ಹೊಟ್ಟೆ ತೆರೆದರೆ ನಂಜಾಗುತ್ತದೆ. ಹೆರಿಗೆ ಕಡೆಯ ಸಣ್ಣ ಓಟಿಯೊಂದಿದೆ, ಅದು ಬಾಣಂತಿಯರಿಗೇ ಸಾಲದು. ಬೇರೆ ಆಸ್ಪತ್ರೆಗೆ ಬರೆದುಕೊಡಬಹುದು, ಆದರೆ ಅಲ್ಲಿ ಮೊದಲಿನಿಂದ ಸಾಲು.

ನೀರು ಬರುತ್ತಿದ್ದುದು ಮೇಲಿನ ಮಹಡಿಯ ಕಕ್ಕಸಿನಿಂದ. ಆ ಮಹಡಿ ಆಸ್ಪತ್ರೆಯದಲ್ಲ, ಯಾವುದೋ ಇಲಾಖೆಯ ತರಬೇತಿ ಕಚೇರಿಯದು. ಆಮೇಲೆ ಕಟ್ಟಿದ್ದಂತೆ. ಕಟ್ಟಿದವರು ಓಟಿಯ ನೆತ್ತಿಯ ಮೇಲೆಯೇ ಕಕ್ಕಸು ಇಟ್ಟಿದ್ದರು. ಕಟ್ಟುವವರು ಒಬ್ಬರು, ರಿಪೇರಿ ಮಾಡಿಸುವವರು ಇನ್ನೊಬ್ಬರು, ಬಳಸುವವರು ಮತ್ತೊಬ್ಬರು. ಒಬ್ಬರು ಇನ್ನೊಬ್ಬರಿಗೆ ಪತ್ರ ಬರೆಯುತ್ತಿದ್ದರು. ವಾಲ್ವ್ ಮುಚ್ಚೋಣವೆಂದರೆ ಅದೇ ಪೈಪಿನಿಂದ ಹೆರಿಗೆ ವಾರ್ಡಿಗೂ ನೀರು. ನರ್ಸುಗಳು ತಾವೇ ಹೋಗಿ ಕಕ್ಕಸಿಗೆ ಬೀಗ ಹಾಕಿದ್ದರಂತೆ, ಕಚೇರಿಯವರು ಒಡೆದು ಹಾಕಿದರಂತೆ.

ನಾನು ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಪ್ರಯತ್ನಿಸಿದೆ. ಆಸ್ಪತ್ರೆಯ ಮುಖ್ಯಸ್ಥರಿಗೆ ಇಂಗ್ಲಿಷಿನಲ್ಲಿ ವಿನಯದ ಮನವಿ ಬರೆದೆ. ಮಗಳ ತೋಳು ಹಿಡಿದು ನಿಧಾನವಾಗಿ ನಡೆದು ಹೋಗಿ ಕೊಟ್ಟೆ. ಅವರು ನಿಂತೇ ಓದಿ, "ನಿಮ್ಮ ಇಂಗ್ಲಿಷ್ ತುಂಬಾ ಚೆನ್ನಾಗಿದೆ ಮೇಡಂ. ಈಗಿನ ಮಕ್ಕಳಿಗೆ ಹೀಗೆ ಬರೆಯೋಕೆ ಬರಲ್ಲ" ಎಂದರು. ಥ್ಯಾಂಕ್ ಯೂ ಸರ್ ಎಂದು ಹೇಳಿ ವಾಪಸು ಬಂದೆ. ಬಂದು ಮಲಗಿದ ಮೇಲೆ ಅಳು ಬಂತು. ನಮ್ಮನೆಯವರು ಕಾರ್ಪೊರೇಟರ್ ಕಡೆಯವರಿಂದ ಹೇಳಿಸುತ್ತೇನೆ ಎನ್ನುತ್ತಿದ್ದರು. ಹೇಳಿಸುತ್ತಲೇ ಇದ್ದರು.

ಆ ದಿನ ಅತ್ತೆ ನನ್ನ ಬಚ್ಚಲ ಬಾಗಿಲು ಹಿಡಿದು ನಿಂತಿದ್ದರು. ನಾನು ಹೊರಗೆ ಬಂದಾಗ ಏನೋ ಯೋಚಿಸುತ್ತಿದ್ದವರು ಕಸ್ತೂರಿಯ ಕಡೆ ತಿರುಗಿ, ಮೇಲಿನ ಕಚೇರಿ ಎಷ್ಟು ಹೊತ್ತಿಗೆ ತೆಗೆಯುತ್ತೆ ಎಂದು ಕೇಳಿದರು. ಹತ್ತಕ್ಕೆ ತೆಗೆದು ಸಾಯಂಕಾಲ ಮುಚ್ಚುತ್ತಾರೆ ಎಂದಳು. "ಅಂಗಾದ್ರೆ ಅಗಲೊತ್ತು ಮಾತ್ರ ಇಡಿದ್ರೆ ಸಾಕು" ಎಂದರು ಅತ್ತೆ. ನಮಗೆ ಅರ್ಥವಾಗಲಿಲ್ಲ. "ಇಲ್ಲಿ ಒಳ್ಗಿರೋಳ್ನ ಯಾರೂ ನೋಡ್ದಿರ್ಲಿ ಅಂತ ಬಾಗ್ಲು ಇಡೀತೀವಿ. ಅಲ್ಲಿ ಯಾರೂ ಒಳೀಕೇ ಓಗ್ದಂಗೆ ಇಡಿಯೋದು. ಅಷ್ಟೇಯ."

ಮರುದಿನ ಬೆಳಿಗ್ಗೆ ಎಲೆಅಡಿಕೆ ಚೀಲ ತೆಗೆದುಕೊಂಡು ಮೇಲೆ ಹೋಗಿ ಆ ಕಕ್ಕಸಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತರು.

ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಕಸ್ತೂರಿಯ ಗಂಡ ಬಸವರಾಜ. ಯಾವುದೋ ಕಾಲೇಜಿನಲ್ಲಿ ಅಟೆಂಡರ್, ಎದುರು ಯಾರು ಬಂದರೂ ಎದ್ದು ನಿಲ್ಲುವ ಮನುಷ್ಯ. ಅತ್ತೆಗೆ ಕಾಫಿ ಕೊಡಲು ಹೋಗಿದ್ದಾಗ, ಕೊರಳಲ್ಲಿ ಗುರುತಿನ ಚೀಟಿ ಹಾಕಿದ್ದ ಒಬ್ಬ ಅಧಿಕಾರಿ ಬಂದು, "ಯಾರಮ್ಮಾ ನೀನು? ಏಳು, ಇದು ಆಫೀಸ್ ಟಾಯ್ಲೆಟ್ಟು" ಎಂದರಂತೆ.

"ನಾನಾ? ಕೆಳ್ಗೆ ಮಲ್ಗಿರೋಳ ಅತ್ತೆ. ನೀವಿಲ್ಲಿ ನೀರ್ ಬಿಟ್ರೆ ನನ್ ಸೊಸೆ ಒಟ್ಟೆ ಮೇಲೆ ಬೀಳ್ತೈತೆ ಸ್ವಾಮಿ. ಆ ಕಡೆ ಬ್ಲಾಕಿಗೆ ಓಗಿ."

"ಅದಕ್ಕೆ ನಾವೇನಮ್ಮ ಮಾಡೋಕಾಗುತ್ತೆ? ಲೆಟರ್ ಹಾಕಿದೀವಲ್ಲ."

"ಲೆಟ್ರು ಆಕಿದ್ದೀರಲ್ಲ, ಅದರ ಜೊತೆಗೆ ಒಸಿ ತಡ್ಕೊಳ್ಳಿ."

ಹಿಂದೆ ನಿಂತಿದ್ದ ಗುಮಾಸ್ತೆಯೊಬ್ಬಳು ಮುಖ ತಿರುಗಿಸಿಕೊಂಡು ನಕ್ಕಳಂತೆ. ಅಧಿಕಾರಿ ಏನೋ ಗೊಣಗಿಕೊಂಡು ಆ ಕಡೆಯ ಬ್ಲಾಕಿಗೆ ಹೋದರಂತೆ. ಬಸವರಾಜ ಇದನ್ನು ಹೇಳುವಾಗ ಅವರ ದನಿಯಲ್ಲಿ ಸಂತೋಷಕ್ಕಿಂತ ಭಯವೇ ಹೆಚ್ಚಿತ್ತು. "ಅಮ್ಮಾರು ಸಾಹೇಬರಿಗೆ ಹಂಗ ಅಂದುಬಿಟ್ರರೀ" ಎಂದು ಎರಡು ಸಲ ಹೇಳಿದರು.

ಆಮೇಲೆ ಅದೇ ಒಂದು ಕ್ರಮವಾಯಿತು. ಅತ್ತೆ ಊಟಕ್ಕೆ ಇಳಿದಾಗ ವಾರ್ಡಿನ ಬೇರೆಯವರ ತಾಯಿಯೋ ಅಕ್ಕನೋ ಹೋಗಿ ಕೂರುತ್ತಿದ್ದರು. ನಮ್ಮನೆಯವರಿಗೆ ನಾಚಿಕೆ. ನಮ್ಮ ಬೀದಿಯಲ್ಲಿ, ಪಿಳ್ಳಮ್ಮಕ್ಕ ಕಕ್ಕಸು ಕಾಯೋಕೆ ಹೋಗವ್ರೆ ಎಂದು ನಗುತ್ತಿದ್ದರಂತೆ. ಆಸ್ಪತ್ರೆಯವರು ನೋಡಿಯೂ ನೋಡದವರಂತೆ ಇದ್ದರು. ಡಾಕ್ಟರ್ ಮೇಡಂ ಮಾತ್ರ ಒಂದು ದಿನ ತಮ್ಮ ಕೋಣೆಯ ಪ್ಲಾಸ್ಟಿಕ್ ಕುರ್ಚಿಯನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋಗಿ, ಅತ್ತೆಯ ಪಕ್ಕ ಇಟ್ಟು ಇಳಿದು ಬಂದರು. ಒಂದು ಸರ್ಕಾರಿ ಆಸ್ಪತ್ರೆಯ ಸರ್ಜನ್ ತನ್ನ ಓಟಿಗಾಗಿ ಮಾಡಬಹುದಾಗಿದ್ದು ಅಷ್ಟು.

ಮಂಚದಲ್ಲಿ ಮಲಗಿ ನಾನೂ ಕಸ್ತೂರಿಯೂ ಲೆಕ್ಕ ಹಾಕುತ್ತಿದ್ದೆವು. ಬಿಸಿಲಿದೆ, ಇವತ್ತು ಒಣಗುತ್ತದೆ. ಮೋಡವಾಗಿದೆ, ನಾಳೆಯಾಗಬಹುದು. ಹಪ್ಪಳ ಸಂಡಿಗೆಗೂ ನಾನು ಅಷ್ಟು ಬಿಸಿಲು ಬೇಡಿಕೊಂಡವಳಲ್ಲ. ಕಸ್ತೂರಿ ಮಾತಾಡುತ್ತಲೇ ನನ್ನ ಹೊದಿಕೆಯ ಅಂಚಿನಲ್ಲಿ ಇಳಿಬಿದ್ದ ದಾರಗಳನ್ನು ಉಗುರಿನಿಂದ ಒಂದೊಂದಾಗಿ ಕಿತ್ತು ಸುತ್ತಿ ದಿಂಬಿನಡಿ ಇಡುತ್ತಿದ್ದಳು. ಅವಳ ಮಂಚ ಹೊರಗೋಡೆಗೆ ತಾಗಿತ್ತು. ಆ ಗೋಡೆ ಯಾವಾಗಲೂ ತಣ್ಣಗೆ, ಹಸಿಯಾಗಿ ಇರುತ್ತಿತ್ತು. ಹಾಸಿಗೆಯ ಆ ಮಗ್ಗುಲು ಒದ್ದೆ. ಬೇರೆ ಮಂಚ ಕೇಳಿದ್ದಳು, ಖಾಲಿ ಇರಲಿಲ್ಲ. ಕೆಮ್ಮು ಶುರುವಾಗಿತ್ತು. ಕೆಮ್ಮಿದಾಗ ಹೊಟ್ಟೆ ನೋಯುವುದೆಂದು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು.

ಮತ್ತೆ ಓಟಿ ತೊಳೆದರು, ಹೊಗೆ ಹಾಕಿದರು, ಹತ್ತಿಯಿಂದ ಒರೆಸಿ ಕಳಿಸಿದರು. ಒಂದು ಬೆಳಿಗ್ಗೆ ನರ್ಸ್ ಬಾಗಿಲಿನಿಂದಲೇ ಹೆಬ್ಬೆರಳು ಎತ್ತಿ ತೋರಿಸಿದರು. ಈ ಸಲ ಕ್ರಿಮಿ ಇರಲಿಲ್ಲ. ವಾರ್ಡಿನಲ್ಲಿ ಯಾರೋ ಸಕ್ಕರೆ ಹಂಚಿದರು. ಅತ್ತೆ ಮೇಲಿದ್ದರು. ಅವರಿಗೆ ಹೇಳಿ ಕಳಿಸಿದರೆ, ಆಪರೇಷನ್ ಆಗುವವರೆಗೆ ಇಳಿಯುವುದಿಲ್ಲ ಎಂದು ಹೇಳಿ ಕಳಿಸಿದರು.

ಮೊದಲು ಕಸ್ತೂರಿ, ಆಮೇಲೆ ನಾನು ಎಂದು ಡಾಕ್ಟರ್ ಮೇಡಂ ನಿರ್ಧರಿಸಿದ್ದರು. ಬೆಳಿಗ್ಗೆ ಅರಿವಳಿಕೆ ಕೊಡುವ ಡಾಕ್ಟರು ಬಂದು ಕಸ್ತೂರಿಯ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎದೆಯಲ್ಲಿ ಕಫ ಕಟ್ಟಿದೆ, ಈಗ ಮತ್ತು ಕೊಟ್ಟರೆ ಅಪಾಯ, ಔಷಧಿ ಕೊಟ್ಟು ಎರಡು ದಿನ ನೋಡೋಣ ಎಂದರು. ಕಸ್ತೂರಿ ಹಸಿರು ಗೌನಿನಲ್ಲೇ ಕುಳಿತಿದ್ದಳು. ಅವಳು ಆ ಒದ್ದೆ ಗೋಡೆಯನ್ನೊಮ್ಮೆ ನೋಡಿದ್ದು ನನಗೆ ಕಾಣಿಸಿತು. ನನ್ನ ಹೆಸರು ಮುಂದೆ ಬಂತು.

ಸ್ಟ್ರೆಚರ್ ತರುವಷ್ಟರಲ್ಲಿ ಅತ್ತೆ ಮೇಲೆ ಬೇರೊಬ್ಬರನ್ನು ಕೂರಿಸಿ ಕೆಳಗೆ ಬಂದಿದ್ದರು. ಕಸ್ತೂರಿ ಅವರ ಕೈ ಹಿಡಿದುಕೊಂಡು ಕೇಳಿದಳು. "ಅಮ್ಮಾ, ನನ್ನ ಪಾಳಿಗೂ ನೀವ ಬಾಗಿಲಾ ಹಿಡೀತೀರಿಲ್ರೀ?"

"ಇಡೀತೀನಿ ಬಿಡವ್ವಾ. ನಿನ್ ಆಪ್ರೇಸನ್ ಆಗಗಂಟ ನಾನೆಲ್ ಓಗ್ತೀನಿ?"

ಓಟಿಯ ಮೇಜಿನ ಮೇಲೆ ಮಲಗಿಸಿದಾಗ ನಾನು ದೇವರನ್ನು ನೆನೆಯಲಿಲ್ಲ. ಛಾವಣಿ ನೋಡಿದೆ. ದೊಡ್ಡ ದೀಪದ ಪಕ್ಕದಲ್ಲಿ ಕಂದು ಬಣ್ಣದ, ಒಣಗಿದ ಒಂದು ಉದ್ದನೆ ಕಲೆ. ಅಂಚು ಮಾತ್ರ ಗಾಢ, ನಡುವೆ ತೆಳು. ಒಣಗಿದೆ, ಒಣಗಿದೆ ಎಂದುಕೊಳ್ಳುತ್ತಲೇ ಮತ್ತು ಏರಿತು.

ಆಪರೇಷನ್ ಮುಗಿದ ಮೇಲೆ ರಕ್ತ ನಿಲ್ಲಲು ಹೊತ್ತು ಹಿಡಿಯಿತಂತೆ. ಆ ದಿನವೆಲ್ಲ ನನಗೆ ನೆನಪಿರುವುದು ತುಟಿಯ ಮೇಲೆ ಒದ್ದೆ ಹತ್ತಿ, ಮತ್ತು ಅದನ್ನು ಹಿಡಿದಿದ್ದ ಅತ್ತೆಯ ಎಲೆಅಡಿಕೆಯ ವಾಸನೆಯ ಬೆರಳುಗಳು. ಮರುದಿನ ಜ್ವರ ಬಂತು. ನಂಜಾಯಿತೇನೋ ಎಂದು ಎಲ್ಲರಿಗೂ ಭಯ. ಅತ್ತೆ ಮೇಲೆ ಬಾಗಿಲು ಹಿಡಿಯಲು ಹೊರಟು ಎದ್ದರು. ನಾನು ಅರೆಪ್ರಜ್ಞೆಯಲ್ಲಿ ಅವರ ಸೆರಗು ಹಿಡಿದಿದ್ದೆನಂತೆ. ಕಸ್ತೂರಿಯೇ ತನ್ನ ಮಂಚದಿಂದ ಹೇಳಿದಳು: "ನೀವು ಅಕ್ಕಾರ ಬಾಜೂ ಇರ್ರಿ ಅಮ್ಮಾ. ಇವತ್ತೊಂದ ದಿನ ನಮ್ಮವರು ಕುಂದರ್ತಾರ."

ಬಸವರಾಜ ಹೋಗಿ ಡಾಕ್ಟರ್ ಮೇಡಂ ಇಟ್ಟಿದ್ದ ಕುರ್ಚಿಯ ಪಕ್ಕದಲ್ಲಿ ನಿಂತರು. ಕುರ್ಚಿಯಲ್ಲಿ ಕೂರಲಿಲ್ಲವಂತೆ. ಆ ದಿನ ಮೇಲಿನ ಕಚೇರಿಯಲ್ಲಿ ಏನೋ ತರಬೇತಿ. ಬೇರೆ ಬೇರೆ ಕಡೆಯಿಂದ ಜನ ಬಂದಿದ್ದರು. ಮಧ್ಯಾಹ್ನ ಹೋಳಿಗೆ ಊಟ. ಊಟವಾದ ಮೇಲೆ ಎಲ್ಲರೂ ಕೈ ತೊಳೆಯಲು ಬಂದರು. ಬಸವರಾಜ ಕೈ ಮುಗಿದು, ಕೆಳಗೆ ಓಟಿ ಐತ್ರಿ ಸರ್ ಎಂದರಂತೆ. ಯಾರೋ ಒಬ್ಬರು, "ಒಂದೇ ದಿನ ಅಲ್ವೇನಯ್ಯಾ, ಗೆಸ್ಟ್ಸ್ ಬಂದಿದಾರೆ, ಸ್ವಲ್ಪ ಸರಿ" ಎಂದರು. ಇಡೀ ಜೀವಮಾನ ಸಾಹೇಬರಿಗೆ ಬಾಗಿಲು ತೆಗೆಯುವುದೇ ಕೆಲಸವಾಗಿದ್ದ ಮನುಷ್ಯ. ಅವರು ಸರಿದರು.

ಸಾಯಂಕಾಲದ ಹೊತ್ತಿಗೆ ಓಟಿಯ ದೊಡ್ಡ ದೀಪದಿಂದ ನೀರು ತೊಟ್ಟಿಕ್ಕುತ್ತಿತ್ತು. ದೀಪದ ಒಳಕ್ಕೇ ಇಳಿದಿತ್ತು. ಕರೆಂಟು ಹೊಡೆಯಬಹುದೆಂದು ಇಡೀ ಓಟಿಗೆ ಬೀಗ ಹಾಕಿದರು. ಈ ಸಲ ಯಾವಾಗ ತೆಗೆಯುತ್ತಾರೆ ಎಂದು ಯಾರೂ ಹೇಳಲಿಲ್ಲ.

ಡಾಕ್ಟರ್ ಮೇಡಂ ತಾವೇ ಬಂದು ಕಸ್ತೂರಿಗೆ ಬೇರೆ ಆಸ್ಪತ್ರೆಗೆ ಬರೆದುಕೊಟ್ಟರು. ಬರೆಯುವಾಗ ತಲೆ ಎತ್ತಲಿಲ್ಲ. ಬಸವರಾಜ ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದರು, ನಾವು ಯಾರೂ ಅವರ ಮುಖ ನೋಡಲಿಲ್ಲ. ನೋಡಬೇಕಿತ್ತು. ಅವರ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಸಿಟ್ಟಿರುವುದು ಒಬ್ಬ ಅಟೆಂಡರ್ ಅಡ್ಡ ನಿಂತರೆ ಮಾತ್ರ ನೀರು ಬೀಳದ ಒಂದು ಆಪರೇಷನ್ ಕೋಣೆಯ ಮೇಲೆ. ಹೊರಡುವ ಮುಂಚೆ ಕಸ್ತೂರಿ ನನ್ನ ಹತ್ತಿರ ಬಂದು ಹೊದಿಕೆಯ ಅಂಚು ನೋಡಿ, ಉಳಿದಿದ್ದ ಒಂದು ದಾರವನ್ನು ಕಿತ್ತಳು. "ಚಂದಾಗಿ ನಡೀರಿ ಅಕ್ಕಾರ, ಭಾರಾ ಎತ್ತಬ್ಯಾಡ್ರಿ" ಎಂದಳು. ಅತ್ತೆ ಅವಳ ತಲೆ ಸವರಿದರು.

ನನ್ನ ಜ್ವರ ಇಳಿಯಿತು. ಹೊಲಿಗೆಯ ಒಂದು ತುದಿ ಬಿಟ್ಟುಕೊಂಡು ಕೀವಾಯಿತು, ವಾಸಿಯಾಗಲು ಹೆಚ್ಚೇ ಕಾಲ ಹಿಡಿಯಿತು. ಮನೆಗೆ ಬಂದೆ. ಮಗಳು ಅಡಿಗೆ ಕಲಿತಿದ್ದಳು. ಉಪ್ಪು ಜಾಸ್ತಿಯಾದ ಅವಳ ಸಾರು ಆ ದಿನಗಳಲ್ಲಿ ನನಗೆ ಸಿಕ್ಕ ಒಳ್ಳೆಯ ಸಂಗತಿಗಳಲ್ಲಿ ಒಂದು. ಮೊದಲ ಸಲ ತಿಳಿಬಣ್ಣದ ಸೀರೆ ಉಟ್ಟು ಕುರ್ಚಿಯಿಂದ ನಿಶ್ಚಿಂತೆಯಾಗಿ ಎದ್ದ ದಿನ ಕಸ್ತೂರಿಗೆ ಫೋನ್ ಮಾಡಿ ಹೇಳಿದೆ. ಅವಳು ಖುಷಿಪಟ್ಟಳು. ಅಲ್ಲಿ ಎಲ್ಲ ಪರೀಕ್ಷೆ ಮತ್ತೆ ಮಾಡಿಸುತ್ತಿದ್ದಾರೆ, ದಿನ ಕೊಟ್ಟಿಲ್ಲ, ಕಟ್ಟಡ ಮಾತ್ರ ಒಣಗಿದೆ ಎಂದು ನಕ್ಕಳು. ನಗು ಕೆಮ್ಮಾಯಿತು.

ಆಮೇಲೊಮ್ಮೆ ಫೋನ್ ಮಾಡಿದಾಗ ಎತ್ತಿದ್ದು ಬಸವರಾಜ. ದಿನ ಸಿಗುವ ಮುಂಚೆ ಗಡ್ಡೆ ಒಳಗೇ ಒಡೆದಿತ್ತು. ಅವಸರದಲ್ಲಿ ಆಪರೇಷನ್ ಮಾಡಿದರು. ಒಳಗೆಲ್ಲ ಹರಡಿತ್ತು. "ಆಕಿ ಹೋದ್ಳ್ರೀ ಅಕ್ಕಾರ" ಎಂದರು. ಅಲ್ಲಿನ ಡಾಕ್ಟರು, ಇಷ್ಟು ದಿನ ಏನು ಮಾಡ್ತಿದ್ದಿರಿ, ಯಾಕೆ ತಡ ಮಾಡಿದಿರಿ ಎಂದು ಬೈದರಂತೆ. ನೀವೇನು ಹೇಳಿದಿರಿ ಎಂದು ಕೇಳಿದೆ.

"ಏನಂತ ಹೇಳ್ಲಿರೀ? ಛತ್ತು ಒಣಗಲಿ ಅಂತ ಕಾಯ್ತಿದ್ವಿ ಅಂತ ಹ್ಯಾಂಗ ಹೇಳೂದ್ರೀ?"

ಅತ್ತೆಗೆ ವಿಷಯ ಹೇಳಿದೆ. ಅವರು ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು.

ಕೊನೆಯ ಸಲ ತೋರಿಸಿಕೊಂಡು ಬರಲು ಹೋದಾಗ ಅತ್ತೆಯೂ ಬಂದರು. ಹಳೆಯ ಬ್ಲಾಕಿನ ಬಾಗಿಲಿಗೆ ಚೆಂಡುಹೂವಿನ ಹಾರದ ಒಣಗಿದ ದಾರ ಇನ್ನೂ ನೇತಾಡುತ್ತಿತ್ತು. ಓಟಿಯ ಹೊರಗೆ ಹೊಸ ಕಪ್ಪು ಕಲ್ಲು, ಅದರಲ್ಲಿ ಹೊಸ ಹೆಸರುಗಳು. ನರ್ಸ್ ನನ್ನನ್ನು ಗುರುತು ಹಿಡಿದು, ಬಾಗಿಲಿನ ಗಾಜಿನಿಂದ ಒಳಗೆ ತೋರಿಸಿದರು. ಬೆಳ್ಳಗೆ, ನುಣ್ಣಗೆ, ಸಣ್ಣ ಸಣ್ಣ ದೀಪಗಳಿದ್ದ ಫಾಲ್ಸ್ ಸೀಲಿಂಗ್. ಪೈಪು ಸರಿ ಮಾಡಿದರಾ ಎಂದು ಕೇಳಿದೆ. ಅವರು ಸುತ್ತ ನೋಡಿ ದನಿ ತಗ್ಗಿಸಿ, "ಈಗ ನೀರು ಕಾಣ್ಸಲ್ಲ ಮೇಡಂ" ಎಂದರು. ಡಾಕ್ಟರ್ ಮೇಡಂ ಎಲ್ಲಿ ಎಂದರೆ, ವರ್ಗ ಮಾಡಿಸಿಕೊಂಡು ಹೋದರು ಎಂದರು.

ತಿರುಗಿ ನೋಡಿದರೆ ಅತ್ತೆ ಇರಲಿಲ್ಲ. ಎಲ್ಲಿರುತ್ತಾರೆ ಎಂದು ನನಗೆ ಗೊತ್ತಿತ್ತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋದೆ. ಕಕ್ಕಸಿನ ಬಾಗಿಲಿನ ಮುಂದೆ, ಡಾಕ್ಟರ್ ಮೇಡಂ ಇಟ್ಟು ಹೋಗಿದ್ದ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ಕುರ್ಚಿಯ ಒಂದು ತೋಳು ಮುರಿದಿತ್ತು.

"ಏಳಿ ಅತ್ತೆ, ಹೋಗೋಣ."

"ಒಸಿ ತಡಿಯಮ್ಮೀ. ಆ ಉಡ್ಗಿಗೆ ಬಾಗ್ಲು ಇಡೀತೀನಿ ಅಂದಿದ್ದೆ."

ನಾನು ಗೋಡೆಗೆ ಒರಗಿ ನಿಂತೆ. ಕೊರಳಲ್ಲಿ ಗುರುತಿನ ಚೀಟಿ ಹಾಕಿದ್ದ ಒಬ್ಬರು ಬಂದರು. ಅತ್ತೆ ಏನಾದರೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಆಗ ನಾನೇ ಹೇಳಿದೆ. "ಇಲ್ಲಿ ಬೇಡಿ ಸರ್, ಕೆಳಗೆ ಓಟಿಗೆ ನೀರು ಇಳಿಯುತ್ತೆ." ಅಷ್ಟು ಜೋರಾಗಿ ಹೇಳಿದ್ದು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ.

"ಈಗೆಲ್ಲ ರಿಪೇರಿ ಆಗಿದೆಯಲ್ಲ ಮೇಡಂ" ಎಂದು ಅವರು ನಕ್ಕು, ಅತ್ತೆಯ ಕುರ್ಚಿಯನ್ನು ಸುತ್ತಿ ಬಳಸಿ ಒಳಗೆ ಹೋದರು. ಬಾಗಿಲಿಗೆ ಈಗ ಒಳಗಿನಿಂದ ಹೊಸ ಚಿಲಕ. ಅದು ಬೀಳುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಫ್ಲಶ್ ಎಳೆದರು. ಅತ್ತೆ ತಲೆ ಬಗ್ಗಿಸಿ, ತಮ್ಮ ಪಾದಗಳ ನಡುವಿನ ನೆಲವನ್ನೇ ನೋಡುತ್ತಾ, ಆ ನೀರು ಕೆಳಗಿಳಿದು ಹೋಗುವುದನ್ನು ಕೊನೆಯವರೆಗೂ ಕೇಳಿಸಿಕೊಂಡರು.